ನಮ್ಮ ಮನೆ ಎರಡು ಸಲ ಹೊಸದಾಯಿತು

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಅಂತ ಹಿರಿಯರು ಹೇಳಿದ್ದಾರೆ. ಕಟ್ಟಿದ ಮನೆಯನ್ನು ಒಡೆದು ನೋಡು ಅಂತ ಯಾಕೆ ಹೇಳಲಿಲ್ಲವೋ ಗೊತ್ತಿಲ್ಲ. ಬಹುಶಃ ಅವರ ಕಾಲದಲ್ಲಿ ನನ್ನಂಥವರು ಇರಲಿಲ್ಲವೇನೋ! ಗಟ್ಟಿಮುಟ್ಟಾಗಿದ್ದ ಮನೆಯನ್ನು ಒಡೆಸಿ, ಚೀಟಿ ದುಡ್ಡು ಸುರಿದು ಹೊಸದು ಮಾಡಿಸಿ, ವರ್ಷ ತುಂಬುವುದರೊಳಗೆ ಆ ಹೊಸದನ್ನೇ ಮತ್ತೆ ಸರಿಮಾಡಿಸಿದವಳು ನಾನು. ನೀವೂ ಮುಂದಿನ ಹಬ್ಬಕ್ಕೆ ಮನೆಗೆ ಒಂದಿಷ್ಟು ಹೊಸ ರೂಪ ಕೊಡಬೇಕೆಂದು ಯೋಚಿಸುತ್ತಿದ್ದರೆ, ಗಾರೆಯವರ ಕೈಗೆ ಮುಂಗಡ ಕೊಡುವ ಮೊದಲು ನನ್ನ ಕಥೆಯನ್ನು ಸ್ವಲ್ಪ ಕೇಳಿ.

ನಮ್ಮದು ತಿಪಟೂರಿನ ಹಳೆಯ ಬೀದಿಯೊಂದರ ಹೆಂಚಿನ ಮನೆ. ನಮ್ಮ ಮಾವನವರ ತಂದೆ ಕಟ್ಟಿಸಿದ್ದು. ಮೊಳದಗಲದ ಮಣ್ಣಿನ ಗೋಡೆ, ಮೇಲೆ ಮಂಗಳೂರು ಹೆಂಚು, ಮುಂದೆ ಜಗಲಿ, ಒಳಗೆ ನಡುಮನೆ, ನಡುಮನೆಯ ಮೇಲೆ ಕಾಯಿ ಹಾಕುವ ಅಟ್ಟ, ಹಿಂದೆ ಅಡುಗೆಮನೆ, ಅದರಾಚೆ ಬಚ್ಚಲು. ನಮ್ಮೂರಿನವರಿಗೆ ಅಟ್ಟದ ವಿಷಯ ಹೇಳಬೇಕಾಗಿಲ್ಲ. ಅಟ್ಟಕ್ಕೆ ಹಾಕಿದ ತೆಂಗಿನಕಾಯಿ ಒಳಗೊಳಗೇ ಒಣಗಿ ಉಂಡೆ ಕೊಬ್ಬರಿಯಾಗಲು ಹತ್ತು ತಿಂಗಳೋ ಒಂದು ವರ್ಷವೋ ಬೇಕು. ಅಷ್ಟು ತಾಳ್ಮೆಯ ಊರಿನಲ್ಲಿದ್ದುಕೊಂಡು ನಾನು ಮಾತ್ರ ಒಂದೇ ತಿಂಗಳಲ್ಲಿ ಮನೆ ಹೊಸದಾಗಬೇಕು ಅಂತ ಹಟ ಹಿಡಿದೆ.

ನೆಲಕ್ಕೆ ಕೆಂಪು ಗಾರೆ ಇತ್ತು. ಅದೇ, ರೆಡ್ ಆಕ್ಸೈಡ್ ನೆಲ. ಮೂರು ತಲೆಮಾರಿನ ಪಾದ ಉಜ್ಜಿ ಉಜ್ಜಿ ಮಾಗಿದ ನೇರಳೆಯ ಹಾಗೆ ತಣ್ಣಗೆ ಮಿನುಗುತ್ತಿತ್ತು. ಅಲ್ಲಲ್ಲಿ ಸಣ್ಣ ಬಿರುಕು. ಅಡುಗೆಮನೆಯ ಗೋಡೆಯಲ್ಲಿ ಹಲಸಿನ ಮರದ ನಾಗಂದಿಗೆ, ಅದರ ಮೇಲೆ ಹುಣಿಸೆಹಣ್ಣಿನ ಜಾಡಿ, ಉಪ್ಪಿನಕಾಯಿ ಜಾಡಿ. ಸೂರಿನಲ್ಲಿ ಎರಡು ಗಾಜಿನ ಹೆಂಚು. ಬಾಗಿಲ ಪಕ್ಕದಲ್ಲಿ ನಮ್ಮ ಅತ್ತೆಯವರ ಮಣೆ, ಮುಂದೆ ಈಳಿಗೆಮಣೆ. ನಾನು ಮದುವೆಯಾಗಿ ಬಂದ ದಿನದಿಂದ ಅತ್ತೆಯನ್ನು ಆ ಜಾಗದಲ್ಲೇ ನೋಡಿದವಳು. ಕಾಯಿ ತುರಿಯುವುದು, ತರಕಾರಿ ಹೆಚ್ಚುವುದು, ಅಕ್ಕಿ ಆರಿಸುವುದು, ಅವರೆಕಾಯಿ ಕಾಲ ಬಂದರೆ ಹಿತಕಿದ ಬೇಳೆ ಮಾಡುವುದು, ನಡುನಡುವೆ ನನ್ನ ಸಾರಿಗೆ ಉಪ್ಪು ಸಾಲದೆಂದು ವಾಸನೆಯಲ್ಲೇ ಹೇಳುವುದು, ಎಲ್ಲ ಅಲ್ಲಿಂದಲೇ.

2022ರಲ್ಲಿ ನನ್ನ ಓರಗಿತ್ತಿ ಬೆಂಗಳೂರಿನಲ್ಲಿ ಫ್ಲ್ಯಾಟು ಕೊಂಡು ಗೃಹಪ್ರವೇಶ ಮಾಡಿದಳು. ಹೋಗಿ ನೋಡಿದರೆ ಅಡುಗೆಮನೆ ಮೊಸರಿನಂತೆ ಬಿಳುಪು! ಎಲ್ಲಿಯೂ ಒಂದು ಡಬ್ಬ ಹೊರಗೆ ಕಾಣುವುದಿಲ್ಲ. ನೆಲದಲ್ಲಿ ಮುಖ ನೋಡಿಕೊಂಡು ಕುಂಕುಮ ಇಟ್ಟುಕೊಳ್ಳಬಹುದು. ಹೊಟ್ಟೆಕಿಚ್ಚಾಯಿತು ಅಂತ ಹೇಳಿದರೆ ನಿಮ್ಮಲ್ಲಿ ಕೆಲವರಾದರೂ ನನ್ನನ್ನು ಕ್ಷಮಿಸುತ್ತೀರಿ. ರಾತ್ರಿ ಮನೆಗೆ ಬಂದವಳೇ ಇವರ ಹತ್ತಿರ, "ನಮ್ಮನೆ ಅಡುಗೆಮನೆ ನೋಡಿದರೆ ಹೋಟೆಲಿನ ಹಿಂದ್ಗಡೆ ಇದ್ದಂಗಿದೆ ರೀ" ಅಂದೆ. ಇವರು ಪೇಪರಿನಿಂದ ತಲೆಯೆತ್ತದೆ, "ಊಟ ಮುಂದ್ಗಡೆಯದರ ಹಾಗೇ ಇದೆಯಲ್ಲ, ಸಾಕು ಬಿಡು" ಅಂದರು. ಗಂಡಸರಿಗೆ ಇದೆಲ್ಲ ಎಲ್ಲಿ ಅರ್ಥವಾಗಬೇಕು!

ಕೊನೆಗೆ ನಾನೇ ಗೆದ್ದೆ. ಎರಡು ಲಕ್ಷದ ಚೀಟಿ ಎತ್ತಿದೆ. ಊರಿಗೆ ಹೊಸದಾಗಿ ಬಂದಿದ್ದ ಅಂಗಡಿಯೊಂದರ ಹುಡುಗ ಬಂದು ಗೋಡೆಗೆಲ್ಲ ಟೇಪು ಹಿಡಿದು ಅಳೆದ. ಮಾರನೆಯ ವಾರ ಕಂಪ್ಯೂಟರಿನಲ್ಲಿ ಬಣ್ಣದ ಚಿತ್ರ ತೋರಿಸಿ, "ಆಂಟಿ, ನಿಮ್ಮ ಕಿಚನ್ ಹೀಗೆ ಕಾಣುತ್ತೆ" ಅಂದ. ಎಷ್ಟು ಚೆನ್ನಾಗಿತ್ತು ಅಂತೀರಿ! ಹೂದಾನಿಯಲ್ಲಿ ಹೂವು, ಬುಟ್ಟಿಯಲ್ಲಿ ಹಸಿರು ಸೇಬು. ಆ ಚಿತ್ರದಲ್ಲಿ ಜರಡಿ ಇರಲಿಲ್ಲ, ಮೊರ ಇರಲಿಲ್ಲ, ಹುಣಿಸೆಹಣ್ಣಿನ ಜಾಡಿ ಇರಲಿಲ್ಲ. ನಮ್ಮ ಅತ್ತೆಯೂ ಇರಲಿಲ್ಲ. ಅದು ಆಗ ನನಗೆ ಹೊಳೆಯಲಿಲ್ಲ.

ಅತ್ತೆಗೆ ಹೊಳೆದಿತ್ತು. ಚಿತ್ರವನ್ನು ಬಹಳ ಹೊತ್ತು ನೋಡಿ ಒಂದೇ ಒಂದು ಮಾತು ಕೇಳಿದರು, "ನಾನೆಲ್ಲಿ ಕೂತ್ಕೊಳ್ಳಲಮ್ಮ?"

"ನೀವು ಇನ್ಮೇಲೆ ಕೆಲಸ ಮಾಡೋದೇ ಬೇಡ ಅತ್ತೆ. ಸೋಫಾ ಮೇಲೆ ಆರಾಮಾಗಿ ಕೂತ್ಕೊಂಡು ಟೀವಿ ನೋಡಿ" ಅಂದೆ. ಬಹಳ ಒಳ್ಳೆಯ ಮಾತು ಆಡಿದೆ ಅಂತಲೇ ನಾನು ತಿಳಿದಿದ್ದೆ.

ದಸರೆಗೆ ಮೊದಲೇ ಎಲ್ಲ ಮುಗಿಯಿತು. ನಡುಮನೆಗೂ ಅಡುಗೆಮನೆಗೂ ಎರಡಡಿ ಚೌಕದ ಬಿಳಿ ವಿಟ್ರಿಫೈಡ್ ಟೈಲ್ಸು. ಅಡುಗೆಮನೆಯ ಮೂರು ಕಡೆಯೂ ಕಟ್ಟೆ, ಕಟ್ಟೆಯ ಕೆಳಗೆ ನೆಲದವರೆಗೆ ಕಪಾಟು. ಹೆಂಚು ಕಾಣದ ಹಾಗೆ ಫಾಲ್ಸ್ ಸೀಲಿಂಗು. ಗೋಡೆಗೆ ಸುಣ್ಣದ ಬದಲು ಕೆನೆ ಬಣ್ಣದ ಪ್ಲಾಸ್ಟಿಕ್ ಪೇಂಟು. ದುಡ್ಡು ಸಾಲದೆ ನನ್ನ ಒಂದೆಳೆ ಸರ ಅಡವಿಗೆ ಹೋಯಿತು. ಆದರೂ ಅತ್ತೆಯ ಕೋಣೆ, ದೇವರಮನೆ, ಬಚ್ಚಲು ಹಳೆಯ ಹಾಗೇ ಉಳಿದವು. ಗೊಂಬೆ ನೋಡಲು ಬಂದ ಮುತ್ತೈದೆಯರೆಲ್ಲ ಗೊಂಬೆ ನೋಡುವುದು ಬಿಟ್ಟು ಅಡುಗೆಮನೆ ನೋಡಿದರು. ಆ ಒಂಬತ್ತು ದಿನ ನಾನು ನೆಲದ ಮೇಲೆ ನಡೆಯಲಿಲ್ಲ, ತೇಲಿದೆ ಅನ್ನಿ.

ಹತ್ತನೆಯ ದಿನದಿಂದ ನಿಜವಾದ ಅಡುಗೆ ಶುರುವಾಯಿತು. ಸಾರಿಗೆ ಒಗ್ಗರಣೆ ಹಾಕಿದರೆ ಬಿಳಿ ಕಪಾಟಿನ ಮೇಲೆ ಅರಿಶಿನದ ಚುಕ್ಕೆ. ಒರೆಸಿ ಒರೆಸಿ ಕೈ ಬಿದ್ದುಹೋಯಿತು. ಕಟ್ಟೆಯ ಎತ್ತರ ಮೂವತ್ತಾರು ಅಂಗುಲ. ನಾನಿರುವುದು ಐದಡಿ. ಚಪಾತಿ ಲಟ್ಟಿಸುವಾಗ ಭುಜ ಕಿವಿಗೆ ತಾಗುತ್ತಿತ್ತು, ರಾತ್ರಿ ಮಲಗಿದರೆ ಕತ್ತು ತಿರುಗುತ್ತಿರಲಿಲ್ಲ. ಗಾಜಿನ ಹೆಂಚು ಮುಚ್ಚಿಹೋಗಿದ್ದರಿಂದ ಹಗಲು ಹನ್ನೊಂದು ಗಂಟೆಗೂ ದೀಪ ಹಾಕಬೇಕು. ಫಾಲ್ಸ್ ಸೀಲಿಂಗಿನ ಮೇಲೆ ಇಲಿಗಳಿಗೆ ಅಚ್ಚುಕಟ್ಟಾದ ಮಹಡಿ ಮನೆ ಸಿಕ್ಕಿತು. ರಾತ್ರಿಯೆಲ್ಲ ಅವುಗಳ ಮೆರವಣಿಗೆ. ಸಿಂಕಿನ ಕೆಳಗಿನ ಹಲಗೆ ನೀರು ಕುಡಿದು ಬ್ರೆಡ್ಡಿನ ಹಾಗೆ ಉಬ್ಬಿತು. ನಾನು ಯಾರಿಗೂ ಹೇಳಲಿಲ್ಲ. ಸರ ಅಡವಿಟ್ಟು ಮಾಡಿಸಿದ್ದನ್ನು ಚೆನ್ನಾಗಿಲ್ಲ ಅಂತ ಯಾವ ಬಾಯಲ್ಲಿ ಹೇಳಲಿ?

ಒಂದು ದಿನ ಗ್ಯಾಸಿನ ಹುಡುಗ ಸಿಲಿಂಡರ್ ತಂದವನು ಕಪಾಟಿನ ಬಾಗಿಲು ತೆಗೆದು ಮುಖ ಸಿಂಡರಿಸಿದ. "ಅಮ್ಮಾ, ಇದಕ್ಕೆ ಗಾಳಿ ಎಲ್ಲಿಂದ ಬರ್ಬೇಕು?" ಅಂತ ಕೇಳಿದ. ಇದನ್ನು ನೀವೆಲ್ಲ ಮನಸ್ಸಿಗೆ ಹಾಕಿಕೊಳ್ಳಿ. ಅಡುಗೆ ಅನಿಲ ಗಾಳಿಗಿಂತ ಭಾರ. ಸೋರಿದರೆ ಮೇಲಕ್ಕೆ ಹೋಗುವುದಿಲ್ಲ, ನೆಲದ ಮಟ್ಟದಲ್ಲೇ ನಿಲ್ಲುತ್ತದೆ. ಆದ್ದರಿಂದ ಸಿಲಿಂಡರ್ ಇಡುವ ಕಪಾಟಿನ ಕೆಳಭಾಗದಲ್ಲಿ ಗಾಳಿಯಾಡುವ ಕಿಂಡಿ ಇರಲೇಬೇಕು. ಸಿಲಿಂಡರ್ ನೆಟ್ಟಗೆ ನಿಂತಿರಬೇಕು, ಒಲೆ ಅದಕ್ಕಿಂತ ಎತ್ತರದಲ್ಲಿರಬೇಕು, ರಬ್ಬರು ಕೊಳವೆಯನ್ನು ಐದು ವರ್ಷಕ್ಕೊಮ್ಮೆ ಬದಲಾಯಿಸಬೇಕು. ನಮ್ಮದು ನಾಲ್ಕು ಕಡೆಯೂ ಮುಚ್ಚಿದ ಪೆಟ್ಟಿಗೆಯಾಗಿತ್ತು. ನೋಡಲು ಚೆಂದ ಅಂತ ನಾವು ಬಾಂಬಿಗೆ ಬೀಗ ಹಾಕಿ ಇಟ್ಟುಕೊಂಡಿದ್ದೆವು!

ಇವೆಲ್ಲ ನನ್ನ ಕಷ್ಟ. ಅತ್ತೆಯ ಕಷ್ಟ ಏನೆಂದು ನಾನು ಕೇಳಲೇ ಇಲ್ಲ. ಸೋಫಾದ ಮೇಲೆ ಕೂತರೆ ಅವರ ಪಾದ ನೆಲಕ್ಕೆ ತಾಗುತ್ತಿರಲಿಲ್ಲ. ನೆಂಟರ ಮನೆಗೆ ಬಂದವರ ಹಾಗೆ ತುದಿಯಲ್ಲಿ ಕೂತಿರುತ್ತಿದ್ದರು. ಅಡುಗೆಮನೆಗೆ ಬಂದರೆ ನಿಲ್ಲಬೇಕು. ಎಪ್ಪತ್ತೆಂಟು ವರ್ಷದ ಮೊಣಕಾಲು ಎಷ್ಟು ಹೊತ್ತು ನಿಂತೀತು? ಬಾಗಿಲಲ್ಲಿ ಒಂದು ಕ್ಷಣ ನಿಂತು ಹಿಂದಕ್ಕೆ ಹೋಗುತ್ತಿದ್ದರು. ಮಾತು ಕಡಿಮೆಯಾಯಿತು. ವಯಸ್ಸಾಯಿತಲ್ಲ, ಅದಕ್ಕೇ ಇರಬೇಕು ಅಂದುಕೊಂಡೆ.

2023ರ ಸಂಕ್ರಾಂತಿಯ ಹಿಂದುಮುಂದೆ, ಅವರೆಕಾಯಿಯ ಭರಾಟೆ. ಒಂದು ಮಧ್ಯಾಹ್ನ ಅತ್ತೆ ಮನೆಯಲ್ಲಿ ಕಾಣಲಿಲ್ಲ. ಗಾಬರಿಯಾಗಿ ಹೊರಗೆ ಬಂದು ನೋಡಿದರೆ ಪಕ್ಕದ ಮನೆಯ ಜಗಲಿಯ ಮೇಲೆ ಕಾಲು ಚಾಚಿ ಕೂತಿದ್ದಾರೆ. ಮುಂದೆ ಮೊರದ ತುಂಬ ಅವರೆಕಾಯಿ. ಪಕ್ಕದ ಮನೆಯವರ ಅವರೆಕಾಯಿ ಸುಲಿದುಕೊಡುತ್ತಿದ್ದಾರೆ! ಬೆರಳಿಗೆಲ್ಲ ಸೊಗಡು ಅಂಟಿತ್ತು. ನಗುನಗುತ್ತಾ ಯಾವುದೋ ಹಳೆಯ ಮದುವೆಯ ಕಥೆ ಹೇಳುತ್ತಿದ್ದರು. ಅವರು ಹಾಗೆ ನಕ್ಕು ಎಷ್ಟು ದಿನವಾಗಿತ್ತೋ! ನನ್ನನ್ನು ಕಂಡವರೇ ಮಕ್ಕಳು ಕದ್ದು ಸಿಕ್ಕಿಬಿದ್ದ ಹಾಗೆ ಮೊರ ಪಕ್ಕಕ್ಕೆ ಸರಿಸಿ, "ಸುಮ್ನೆ ಕೂತಿದ್ದೆ ಕಣಮ್ಮ, ಹೊತ್ತು ಹೋಗ್ಲಿ ಅಂತ" ಅಂದರು. ನನಗೆ ಕೋಪ ಬಂತು. ಬೀದಿಯವರು ಏನಂದುಕೊಂಡಾರು ಅನ್ನುವ ಕೋಪ. ನಾಚಿಕೆ ಬರಬೇಕಾಗಿತ್ತು. ಅದು ಆಮೇಲೆ ಬಂತು.

ಇನ್ನೊಂದು ವಿಷಯ. ನಡುಮನೆಯ ಹೊಸ ಗೋಡೆಯ ಮೇಲೆ, ಅತ್ತೆಯ ಕೋಣೆಯ ಬಾಗಿಲಿನಿಂದ ಬಚ್ಚಲಿನ ಕಡೆಗೆ ಹೋಗುವ ಉದ್ದಕ್ಕೂ, ದಿನವೂ ಎಣ್ಣೆಗೈ ಗುರುತು ಬೀಳುತ್ತಿತ್ತು. ಕೆನೆ ಬಣ್ಣದ ಮೇಲೆ ಎದ್ದು ಕಾಣುತ್ತಿತ್ತು. ದಿನಾ ಬೆಳಿಗ್ಗೆ ಒದ್ದೆ ಬಟ್ಟೆ ಹಿಡಿದು ಒರೆಸುವುದೇ ನನ್ನ ಕೆಲಸ. ಹೈಸ್ಕೂಲಿಗೆ ಹೋಗುವ ಮಗನ ಮೇಲೆ ರೇಗುತ್ತಿದ್ದೆ. "ತಲೆಗೆ ಎಣ್ಣೆ ಹಚ್ಕೊಂಡು ಕೈ ಗೋಡೆಗೆ ಒರೆಸ್ತೀಯೇನೋ?" ಅವನು "ನಾನಲ್ಲಮ್ಮ, ನಾನಲ್ಲಮ್ಮ" ಅಂತ ಅತ್ತೇಬಿಡುತ್ತಿದ್ದ. ಅತ್ತೆ ಸೋಫಾದ ತುದಿಯಲ್ಲಿ ಕೂತು ಎಲ್ಲವನ್ನೂ ಕೇಳುತ್ತಿದ್ದರು.

ಯುಗಾದಿಗೆ ಹತ್ತು ದಿನ ಇತ್ತು. ಬೆಳಿಗ್ಗೆ ನೆಲ ಒರೆಸಿ ಬಕೆಟ್ಟು ಹೊರಗಿಡಲು ಹೋಗಿದ್ದೆ. ದೊಪ್ಪೆಂದು ಶಬ್ದವಾಯಿತು. ಓಡಿ ಬಂದರೆ ಅತ್ತೆ ಅಡುಗೆಮನೆಯ ಬಾಗಿಲ ಮುಂದೆ ಬಿದ್ದಿದ್ದಾರೆ. ಬಲಗೈ ಮಣಿಕಟ್ಟಿನ ಹತ್ತಿರ ಸೊಟ್ಟಗಾಗಿದೆ. ಬಾಯಿಂದ ಒಂದು ಅಯ್ಯೋ ಇಲ್ಲ. "ನೀರು ಚೆಲ್ಲಿಬಿಟ್ನೇನಮ್ಮ?" ಅಂತ ಕೇಳಿದರು. ಆ ಮಾತು ಈಗಲೂ ನನ್ನ ಕಿವಿಯಲ್ಲಿದೆ.

ಮೂಳೆ ಮುರಿದಿತ್ತು. ಆರು ವಾರ ಸಿಮೆಂಟಿನ ಪಟ್ಟು. ಡಾಕ್ಟರು, "ಕೈ ಊರಿ ಬಿದ್ದಿದ್ದಕ್ಕೆ ಇಷ್ಟರಲ್ಲೇ ಹೋಯ್ತು. ಈ ವಯಸ್ಸಿನಲ್ಲಿ ಸೊಂಟದ ಮೂಳೆ ಮುರಿದಿದ್ದರೆ ಹಾಸಿಗೆ ಬಿಟ್ಟು ಏಳೋದೇ ಕಷ್ಟವಾಗ್ತಿತ್ತು" ಅಂದರು. ಮನೆಗೆ ಬಂದ ಮೂರನೆಯ ಬೆಳಿಗ್ಗೆ ಅಭ್ಯಾಸಬಲದಿಂದ ಬಟ್ಟೆ ಹಿಡಿದು ಗೋಡೆ ಒರೆಸಲು ಹೋದೆ. ಗೋಡೆ ಸ್ವಚ್ಛವಾಗಿತ್ತು. ಒಂದು ಗುರುತೂ ಇರಲಿಲ್ಲ. ಮಗ ಎಂದಿನಂತೆ ಎಣ್ಣೆ ಹಚ್ಚಿಕೊಂಡು ಸ್ಕೂಲಿಗೆ ಹೋಗಿದ್ದಾನೆ. ಓಡಾಡದೆ ಮಲಗಿರುವವರು ಒಬ್ಬರೇ.

ಬಟ್ಟೆ ಹಿಡಿದುಕೊಂಡೇ ಕೋಣೆಗೆ ಹೋಗಿ ಅತ್ತೆಯ ಕಾಲ ಬಳಿ ಕೂತೆ. ಹೇಗೆ ಕೇಳುವುದೋ ತಿಳಿಯಲಿಲ್ಲ. ಅವರಿಗೇ ಗೊತ್ತಾಯಿತು. "ನೆಲ ಕಾಣಿಸ್ತಿರಲಿಲ್ಲ ಕಣಮ್ಮ. ಬಾಗಿಲಿಂದ ಬೆಳಕು ಬಿದ್ರೆ ನೀರು ಯಾವ್ದು, ಬೆಳಕು ಯಾವ್ದು ಅಂತ ಗೊತ್ತಾಗ್ತಿರಲಿಲ್ಲ. ಅದಕ್ಕೇ ಗೋಡೆ ಹಿಡ್ಕೊಂಡು ಹೋಗ್ತಿದ್ದೆ" ಅಂದರು.

"ನನಗೆ ಹೇಳಬಾರದಾಗಿತ್ತೇ ಅತ್ತೆ?"

"ಅಷ್ಟು ಆಸೆಪಟ್ಟು ಮಾಡಿಸಿದ್ದೀಯ. ನಿನ್ನ ಸರ ಬೇರೆ ಹೋಗಿತ್ತು. ಏನಂತ ಹೇಳಲಿ?" ಸ್ವಲ್ಪ ಹೊತ್ತು ಬಿಟ್ಟು, "ಮಗೂಗೆ ಬೈಯೋವಾಗ ಮಾತ್ರ ಹೇಳ್ಬಿಡೋಣ ಅನ್ನಿಸ್ತಿತ್ತು" ಅಂದರು.

ನಾನು ಯಾವ ಗುರುತನ್ನು ಆರು ತಿಂಗಳು ಒರೆಸುತ್ತಿದ್ದೆನೋ ಅದು ಕೊಳೆಯಾಗಿರಲಿಲ್ಲ. ಬೀಳಬಾರದೆಂದು ಒಬ್ಬ ಮುದುಕಿ ಮಾಡಿಕೊಂಡಿದ್ದ ದಾರಿಯಾಗಿತ್ತು.

ಹೀಗೆ ನಮ್ಮ ಮನೆ ಎರಡನೆಯ ಸಲ ಹೊಸದಾಗಲು ಶುರುವಾಯಿತು. ಈ ಸಲ ಚಿತ್ರ ತೋರಿಸುವವರು ಯಾರೂ ಇರಲಿಲ್ಲ. ಕೈಯಲ್ಲಿ ದುಡ್ಡೂ ಇರಲಿಲ್ಲ. ಹಳೆಯ ಗಾರೆ ಮೇಸ್ತ್ರಿಯೊಬ್ಬರನ್ನು, ಬಡಗಿ ಆಚಾರ್ರನ್ನು ಕರೆಸಿದೆವು. ಮೇಸ್ತ್ರಿ ನೆಲ ನೋಡಿದವರೇ ತಲೆ ಚಚ್ಚಿಕೊಂಡರು. "ಕೆಂಪು ನೆಲ ಒಡೆಸಿಬಿಟ್ರಾ ಅಮ್ಮಾವ್ರೆ? ಅದನ್ನ ಹಾಕೋ ಕೈಗಳೇ ಈಗ ಅಪರೂಪ" ಅಂದರು. ಇಡೀ ಟೈಲ್ಸು ಕೀಳಿಸುವ ಶಕ್ತಿ ನಮಗಿರಲಿಲ್ಲ. ಅದಕ್ಕೆ ಅವರೇ ಒಂದು ಉಪಾಯ ಹೇಳಿದರು. ಅತ್ತೆ ಓಡಾಡುವ ಗೋಡೆಯ ಪಕ್ಕದ ಎರಡು ಸಾಲು ಟೈಲ್ಸನ್ನು ಮಾತ್ರ ಎಬ್ಬಿಸಿ, ಅಲ್ಲಿ ಸಿಮೆಂಟಿಗೆ ಕೆಂಪು ಪುಡಿ ಬೆರೆಸಿ ಗಾರೆ ಹಾಕಿದರು. ಒಂದು ವಾರ ನೀರುಣಿಸಿದೆವು. ನಯವಾಗಿ ಹೊಳಪು ತೀಡಬೇಡಿ, ಸ್ವಲ್ಪ ಒರಟಾಗಿಯೇ ಬಿಡಿ ಅಂತ ನಾನೇ ಹೇಳಿದೆ. ಯಾಕೆಂದರೆ ಹಳೆಯದೆಲ್ಲ ಚಿನ್ನ ಅಂತ ತಿಳಿಯಬೇಡಿ. ಎಣ್ಣೆ ಬಿದ್ದರೆ, ನೀರು ನಿಂತರೆ ನಯವಾದ ಕೆಂಪು ನೆಲವೂ ಜಾರುತ್ತದೆ. ಈಗ ಬಿಳಿ ಸೀರೆಗೆ ಕೆಂಪು ಅಂಚು ಇಟ್ಟ ಹಾಗೆ ಕಾಣುತ್ತದೆ ನಮ್ಮ ನಡುಮನೆ. ಬಣ್ಣದ ವ್ಯತ್ಯಾಸ ಇರುವುದರಿಂದ ಮಬ್ಬುಗಣ್ಣಿಗೂ ದಾರಿ ಗೊತ್ತಾಗುತ್ತದೆ.

ಆ ಗೋಡೆಯುದ್ದಕ್ಕೂ ಹಿಡಿದುಕೊಳ್ಳಲು ಒಂದು ಮರದ ಕಂಬಿ ಬೇಕಾಗಿತ್ತು. ಒಡೆಸಿ ಹಿತ್ತಲಿಗೆ ಎಸೆದಿದ್ದ ನಾಗಂದಿಗೆಯ ಹಲಸಿನ ಹಲಗೆಯನ್ನೇ ಆಚಾರ್ರು ಸೀಳಿ, ಉಜ್ಜಿ, ಕೈಗೆ ಸಿಗುವ ಹಾಗೆ ದುಂಡಗೆ ಮಾಡಿದರು. ಮಣ್ಣಿನ ಗೋಡೆಗೆ ಮೊಳೆ ನಿಲ್ಲುವುದಿಲ್ಲ; ಗೋಡೆಯೊಳಗೆ ಅಲ್ಲಲ್ಲಿ ಮರದ ತುಂಡು ಹುದುಗಿಸಿ ಗಾರೆಯಿಂದ ಬಿಗಿಮಾಡಿ ಅದಕ್ಕೆ ಸ್ಕ್ರೂ ಹಾಕಿದರು. "ಎಷ್ಟು ಎತ್ತರಕ್ಕೆ ಹೊಡೀಲಮ್ಮ?" ಅಂತ ಆಚಾರ್ರು ಟೇಪು ತೆಗೆದರು. ಟೇಪು ಬೇಕಾಗಿರಲಿಲ್ಲ. ಎಷ್ಟೇ ಒರೆಸಿದ್ದರೂ ಕೆನೆ ಬಣ್ಣದ ಮೇಲೆ ಎಣ್ಣೆಯ ತಿಳಿ ಗೆರೆ ಹಾಗೇ ಉಳಿದಿತ್ತು. "ಇಲ್ಲಿ ಹೊಡೀರಿ" ಅಂದೆ.

ಇನ್ನು ಅಡುಗೆಮನೆ. ಈ ಮಾಡ್ಯುಲರ್ ಕಿಚನ್ನಿನ ಮೂಲ ಎಲ್ಲಿದೆ ಅಂತ ನನ್ನ ಮಗಳು ಓದಿ ಹೇಳಿದಳು. 1926ರಲ್ಲಿ ಜರ್ಮನಿಯ ಫ್ರಾಂಕ್‌ಫರ್ಟ್ ನಗರದ ಹೊಸ ಬಡಾವಣೆಗಳ ಪುಟ್ಟ ಮನೆಗಳಿಗಾಗಿ ಮಾರ್ಗರೆಟೆ ಶೂಟೆ-ಲಿಹೋಟ್ಸ್ಕಿ ಎಂಬ ಮಹಿಳೆ ರೈಲಿನ ಊಟದ ಬೋಗಿಯ ಅಡುಗೆಮನೆಯನ್ನು ನೋಡಿ ಒಂದು ಮಾದರಿ ಮಾಡಿದರಂತೆ. ಅಗಲ ಸುಮಾರು ಆರೂಕಾಲು ಅಡಿ, ಉದ್ದ ಹನ್ನೊಂದು ಅಡಿ. ಅಂಥ ಅಡುಗೆಮನೆಗಳು ಸುಮಾರು ಹತ್ತು ಸಾವಿರ ತಯಾರಾದವಂತೆ. ಹಿಟ್ಟು, ಅಕ್ಕಿಗೆ ಸಾಲಾಗಿ ಅಲ್ಯುಮಿನಿಯಂ ಡಬ್ಬಗಳು, ಮಡಿಸಿ ಗೋಡೆಗೆ ಆನಿಸುವ ಇಸ್ತ್ರಿ ಹಲಗೆ, ಎಲ್ಲ ಅದರಲ್ಲಿತ್ತು. ಆದರೆ ನನಗೆ ಹಿಡಿಸಿದ್ದು ಇನ್ನೊಂದು ವಿಷಯ. ಕಿಟಕಿಯ ಬಳಿ ಕೂತು ತರಕಾರಿ ಹೆಚ್ಚಲು ಅಲ್ಲಿ ಒಂದು ತಿರುಗುವ ಸ್ಟೂಲೂ ಇತ್ತು! ಅಡುಗೆ ಮಾಡುವವಳು ಕೂರಬೇಕು ಅನ್ನುವುದನ್ನು ಆ ಪುಣ್ಯಾತ್ಗಿತ್ತಿ ಮರೆತಿರಲಿಲ್ಲ. ಕಪಾಟು ನಮ್ಮೂರಿನ ತನಕ ಬಂತು, ಸ್ಟೂಲು ದಾರಿಯಲ್ಲೆಲ್ಲೋ ಬಿದ್ದುಹೋಯಿತು.

ನಾವು ಕಿಟಕಿಯ ಕೆಳಗಿನ ಒಂದು ಕಪಾಟನ್ನು ಕಿತ್ತುಹಾಕಿ, ಅಲ್ಲಿ ಒಂದೂವರೆ ಅಡಿ ಎತ್ತರದ ಪುಟ್ಟ ಜಗಲಿ ಕಟ್ಟಿಸಿದೆವು. ಮೇಲೆ ಕಡಪ ಕಲ್ಲು. ಕಾಲು ಇಳಿಬಿಟ್ಟೂ ಕೂರಬಹುದು, ಮಡಿಸಿಯೂ ಕೂರಬಹುದು, ಈಳಿಗೆಮಣೆ ಇಡುವಷ್ಟು ಅಗಲ. ಕೆಳಗೆ ಖಾಲಿ ಬಿಟ್ಟ ಜಾಗದಲ್ಲಿ ಈರುಳ್ಳಿ, ಆಲೂಗಡ್ಡೆಯ ಬುಟ್ಟಿ. ಒಲೆಯಿಡುವ ಕಡೆಯ ಕಟ್ಟೆಯನ್ನಷ್ಟೇ ಮೂವತ್ತೊಂದು ಅಂಗುಲಕ್ಕೆ ತಗ್ಗಿಸಿದೆವು. ನಿಮ್ಮ ಮನೆಯ ಕಟ್ಟೆಗೆ ಅಳತೆ ಬೇಕೇ? ನೆಟ್ಟಗೆ ನಿಂತು ಮೊಣಕೈ ಮಡಿಸಿ. ಮೊಣಕೈಗಿಂತ ಸುಮಾರು ನಾಲ್ಕಂಗುಲ ಕೆಳಗೆ ಕಟ್ಟೆ ಬಂದರೆ ಭುಜ ನೋಯುವುದಿಲ್ಲ. ಅಂಗಡಿಯವರ ಅಳತೆ ಬೇಡ, ನಿಮ್ಮ ಅಳತೆ ಹೇಳಿ.

ಫಾಲ್ಸ್ ಸೀಲಿಂಗನ್ನು ತೆಗೆಸಿಹಾಕಿದೆವು. ಗಾಜಿನ ಹೆಂಚು ಮತ್ತೆ ಕಣ್ಣು ಬಿಟ್ಟಿತು, ಇಲಿಗಳು ಮನೆ ಖಾಲಿ ಮಾಡಿದವು. ಮಂಗಳೂರು ಹೆಂಚು 1860ರ ದಶಕದಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ ಕಾರ್ಖಾನೆ ಹಾಕಿದಂದಿನಿಂದ ಎಷ್ಟೋ ಮನೆಗಳನ್ನು ಕಾದಿದೆ. ಸಂದಿನಲ್ಲಿ ಗಾಳಿ ಆಡುತ್ತದೆ, ಹೊಗೆ ಹೋಗುತ್ತದೆ. ಅದರ ಕೆಳಗೆ ಮುಚ್ಚಳ ಹಾಕಿದರೆ ಆ ಗುಣವೆಲ್ಲ ಹೋಯಿತು. ಗೋಡೆಯ ವಿಷಯವೂ ಹಾಗೇ. ಮಣ್ಣಿನ ಗೋಡೆ ತೇವ ಎಳೆದುಕೊಂಡು ಹೊರಗೆ ಬಿಡುತ್ತಿರುತ್ತದೆ. ಅದರ ಮೇಲೆ ಪ್ಲಾಸ್ಟಿಕ್ ಪೇಂಟು ಹೊಡೆದರೆ ತೇವ ಒಳಗೇ ಉಳಿದು ಪೇಂಟು ಹಪ್ಪಳದ ಹಾಗೆ ಏಳುತ್ತದೆ. ಸುಣ್ಣ ತೇವವನ್ನು ತಡೆಯುವುದಿಲ್ಲ, ಬೂಷ್ಟು ಹಿಡಿಯಗೊಡುವುದಿಲ್ಲ. ಆದರೆ ಪೇಂಟಿನ ಮೇಲೆ ಸುಣ್ಣ ಹಿಡಿಯದು, ಕೆರೆಸಿಯೇ ಬಳಿಸಬೇಕು. ಅಡುಗೆಮನೆಯಲ್ಲಿ ಹಾಗೇ ಮಾಡಿದೆವು.

ಸಿಂಕಿನ ಕೆಳಗೆ ಕಪಾಟೇ ಬೇಡವೆಂದು ತೆರೆದಿಟ್ಟೆ. ಅಲ್ಲಿ ಒಂದು ಸ್ಟೀಲಿನ ಸ್ಟ್ಯಾಂಡು ಸಾಕು, ಜಿರಲೆಗೂ ಅಡಗಲು ಜಾಗವಿಲ್ಲ. ನಿಮಗೆ ಕಪಾಟು ಬೇಕೇಬೇಕು ಅಂದರೆ ಮರದ ಹೊಟ್ಟನ್ನು ಅಂಟಿಸಿ ಮಾಡಿದ ಪಾರ್ಟಿಕಲ್ ಬೋರ್ಡನ್ನು ನೀರಿನ ಹತ್ತಿರಕ್ಕೂ ತರಬೇಡಿ. ಪ್ಲೈವುಡ್ಡಿನ ಮೇಲೆ ಐ.ಎಸ್. 710 ಅಂತ ಮುದ್ರೆ ಇದೆಯೇ ನೋಡಿ. ಅದು ನೀರು ತಾಳುವ ಮೆರೀನ್ ಪ್ಲೈಗೆ ಕೊಡುವ ಗುರುತು. ಐ.ಎಸ್. 303 ಅನ್ನುವುದು ಸಾಮಾನ್ಯ ಬಳಕೆಯ ಪ್ಲೈಯದು. ಮೇಲೆ ಅಂಟಿಸುವ ಬಣ್ಣದ ಹಾಳೆ ಎರಡಕ್ಕೂ ಒಂದೇ ಥರ ಹೊಳೆಯುತ್ತದೆ. ಒಳಗಿನ ಗುಣ ಹೊರಗೆ ಕಾಣುವುದಿಲ್ಲ, ಗಂಡು ನೋಡುವಾಗ ಹೇಗೋ ಹಾಗೆ!

ಚೆಂದಕ್ಕೇನೂ ಮಾಡಲಿಲ್ಲವೇ ಅಂತ ಕೇಳಬೇಡಿ. ನನಗೆ ಚೆಂದ ಬೇಕೇಬೇಕು. ಚನ್ನಪಟ್ಟಣದ ಅರಗಿನ ಬಣ್ಣದ ಮರದ ಗುಬುಟುಗಳನ್ನು ತಂದು ಡ್ರಾಯರುಗಳಿಗೆಲ್ಲ ಹಾಕಬೇಕೆಂದಿದ್ದೆ. ಅತ್ತೆಯ ಕೈ ಪಟ್ಟು ಬಿಚ್ಚಿದ ಮೇಲೆ ನೋಡಿದರೆ, ದುಂಡನೆಯ ಗುಬುಟನ್ನು ಬೆರಳಲ್ಲಿ ಹಿಡಿದೆಳೆಯಲು ಅವರಿಗೆ ಆಗುತ್ತಿರಲಿಲ್ಲ. ಹಾಗಾಗಿ ಕೆಳಗಿನ ಡ್ರಾಯರುಗಳಿಗೆ ನಾಲ್ಕು ಬೆರಳೂ ತೂರುವ ಉದ್ದನೆಯ ಹಿಡಿ, ನಾನು ಮಾತ್ರ ತೆಗೆಯುವ ಮೇಲಿನ ಕಪಾಟುಗಳಿಗೆ ಹಳದಿ, ಕೆಂಪು, ಹಸಿರು ಗುಬುಟು. ಬಂದವರೆಲ್ಲ ಅವನ್ನೇ ಮುಟ್ಟಿ ಮುಟ್ಟಿ ನೋಡುತ್ತಾರೆ. ಹಳೆಯ ಹತ್ತಿ ಸೀರೆಯೊಂದರ ಸೆರಗು ಒಲೆಯಿಂದ ದೂರದ ಕಿಟಕಿಗೆ ಪರದೆಯಾಯಿತು. ಬಚ್ಚಲಿಗೆ ಒರಟು ಮೈಯ ಟೈಲ್ಸು, ನೀರು ನಿಲ್ಲದ ಹಾಗೆ ಇಳಿಜಾರು, ಕೂತು ಏಳಲು ಗೋಡೆಗೊಂದು ಸ್ಟೀಲಿನ ಹಿಡಿ. ರಾತ್ರಿ ಅತ್ತೆಯ ದಾರಿಗೆ ಒಂದು ಸಣ್ಣ ದೀಪ. ಟೈಲ್ಸಿನ ಮೇಲೆ ಹಾಸಿದ್ದ ಚೆಂದದ ಕಾಲೊರೆಸುಗಳನ್ನು ಮಾತ್ರ ಎತ್ತಿಬಿಟ್ಟೆ. ತಳಕ್ಕೆ ರಬ್ಬರಿಲ್ಲದ ಕಾಲೊರೆಸು ನಯವಾದ ನೆಲದ ಮೇಲೆ ಚಕ್ರ ಕಟ್ಟಿದ ಹಾಗೆ ಓಡುತ್ತದೆ.

ಇಷ್ಟೆಲ್ಲ ಮುಗಿಯಲು 2023ರ ದಸರೆ ಬಂತು. ಮೊದಲ ಸಲ ಸುರಿದ ದುಡ್ಡಿನ ಕಾಲು ಭಾಗವೂ ಆಗಲಿಲ್ಲ. ಸರ ಮಾತ್ರ ಮರುವರ್ಷ ಮನೆಗೆ ಬಂತು.

ಈಗ ಮನೆಗೆ ಏನೇ ತರುವ ಮೊದಲು ನಾನು ನನ್ನನ್ನೇ ಮೂರು ಪ್ರಶ್ನೆ ಕೇಳಿಕೊಳ್ಳುತ್ತೇನೆ. ಇದನ್ನು ದಿನಾ ಒರೆಸುವವರು ಯಾರು? ಒದ್ದೆಯಾದರೆ ಇದು ಏನಾಗುತ್ತದೆ? ಮನೆಯ ಅತಿ ಹಿರಿಯರಿಗೂ ಅತಿ ಕಿರಿಯರಿಗೂ ಇದರ ಜೊತೆ ಬಾಳಲು ಆಗುತ್ತದೆಯೇ? ಮೂರಕ್ಕೂ ಉತ್ತರ ಸಿಕ್ಕಿದರೆ ಬಣ್ಣ ಯಾವುದು ಅಂತ ಯೋಚಿಸುತ್ತೇನೆ. ಮೊದಲು ಬಣ್ಣ ಆರಿಸಿ ಆಮೇಲೆ ಉತ್ತರ ಹುಡುಕಿದ್ದೇ ನನ್ನ ತಪ್ಪು.

ಅತ್ತೆಗೆ ಈಗ ಎಂಬತ್ತು ದಾಟಿದೆ. ಬೆಳಿಗ್ಗೆ ಕಂಬಿ ಹಿಡಿದು ಕೆಂಪು ಅಂಚಿನ ಮೇಲೆ ನಡೆದುಬಂದು ಅಡುಗೆಮನೆಯ ಜಗಲಿಯ ಮೇಲೆ ಕೂರುತ್ತಾರೆ. ಮೊದಲಿನಷ್ಟು ಕೆಲಸ ಆಗುವುದಿಲ್ಲ, ಬಲಗೈಯಲ್ಲಿ ಬಿಗಿ ಇಲ್ಲ. ಆದರೂ ಅವರೆಕಾಯಿ ಕಾಲ ಬಂದರೆ ನೆನೆಸಿದ ಕಾಳನ್ನು ಹಿತುಕುವುದು ಅವರೇ. ಕಾಳು ಬೆರಳ ಸಂದಿಯಿಂದ ಪುಟಪುಟನೆ ಜಿಗಿಯುತ್ತದೆ, ಸಿಪ್ಪೆ ನೆಲಕ್ಕೆ ಬೀಳುತ್ತದೆ. ಬಿಳಿ ಟೈಲ್ಸಿನ ಮೇಲೆ ಹಸಿರು ಸಿಪ್ಪೆ ಚೆನ್ನಾಗಿಯೇ ಕಾಣುತ್ತದೆ, ಒರೆಸಿದರಾಯಿತು. ಸಾರಿಗೆ ಉಪ್ಪು ಸಾಲದು ಅಂತ ಮತ್ತೆ ವಾಸನೆಯಲ್ಲೇ ಹೇಳುತ್ತಾರೆ. ಆ ಮಾತನ್ನು ಕೇಳಲು ನಾನು ಒಂದೊಂದು ದಿನ ಬೇಕೆಂತಲೇ ಉಪ್ಪು ಕಡಿಮೆ ಹಾಕುತ್ತೇನೆ ಅಂದರೆ ನಂಬುತ್ತೀರಾ?

ಮೊನ್ನೆ ರಾತ್ರಿ ಕರೆಂಟು ಹೋಯಿತು. ನೀರಿಗೆಂದು ಎದ್ದವಳು ಕತ್ತಲಲ್ಲಿ ತಡವರಿಸುತ್ತಾ ನಡೆದೆ. ಅಡುಗೆಮನೆ ತಲುಪಿದ ಮೇಲೆ ಗೊತ್ತಾಯಿತು, ಅಷ್ಟು ದೂರವೂ ನನ್ನ ಕೈ ಆ ಹಲಸಿನ ಕಂಬಿಯ ಮೇಲೇ ಇತ್ತು. ನನಗೂ ವಯಸ್ಸಾಗುತ್ತಿದೆಯಲ್ಲ!

ನಿಮ್ಮ ಮನೆಯ ಗೋಡೆಯ ಮೇಲೂ ಎಣ್ಣೆಗೈ ಗುರುತಿದೆಯೇ? ಒರೆಸಿ, ಬೇಡವೆನ್ನುವುದಿಲ್ಲ. ಆದರೆ ಒರೆಸುವ ಮೊದಲು ಅದು ಯಾರ ಕೈ ಅಂತ ಒಮ್ಮೆ ನೋಡಿ.